ಕಲ್ಲಚ್ಚಿನಿಂದ ಕಿರುಪರದೆಗೆ: ಕನ್ನಡದಲ್ಲಿ ಕ್ರೈಸ್ತ ನಂಬಿಕೆಯ ನಿವೇದನೆ ಮತ್ತು ವಿಶ್ವಾಸಾರ್ಹತೆ

ಯಾವುದೇ ಧರ್ಮ ತನ್ನ ನಂಬಿಕೆಯನ್ನು ಇತರರ ಮುಂದೆ ನಿವೇದಿಸುವಾಗ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಹೇಳುತ್ತಿರುವ ಮಾತು ಸತ್ಯವೇ ಎಂಬುದು ಮೊದಲನೆಯದು; ಹೇಳುತ್ತಿರುವವರು ನೆಚ್ಚತಕ್ಕವರೇ ಎಂಬುದು ಎರಡನೆಯದು. ಮೊದಲನೆಯದು ದೈವಶಾಸ್ತ್ರದ ವ್ಯಾಪ್ತಿಗೆ ಸೇರಿದ ವಿಷಯ. ಎರಡನೆಯದರ ವಿವೇಚನೆಯಲ್ಲಿ ಭಾಷೆ, ಸಾಹಿತ್ಯ ಮತ್ತು ಸಮಾಜಗಳ ಅಧ್ಯಯನಕ್ಕೂ ಪಾಲುಂಟು. ಕ್ರೈಸ್ತ ಸಂದೇಶ ಇಂದು ಗ್ರಂಥ, ಕರಪತ್ರ, ಉಪದೇಶಪೀಠಗಳನ್ನು ದಾಟಿ ಅಂತರಜಾಲದ ಮೂಲಕ ಪ್ರತಿಯೊಬ್ಬರ ಅಂಗೈಯನ್ನು ತಲುಪುತ್ತಿರುವುದರಿಂದ ಈ ಎರಡನೆಯ ಪ್ರಶ್ನೆ ಹೊಸ ತೀವ್ರತೆಯನ್ನು ಪಡೆದುಕೊಂಡಿದೆ. ಆದರೆ ಪ್ರಶ್ನೆ ಹೊಸದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಮೂರುವರೆ ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದ ಬೆಳಕಿನಲ್ಲಿ ಇಂದಿನ ಸಮಸ್ಯೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪವನ್ನು ಅರಿಯಲು ಹೈದರಾಬಾದಿನ ಮೆಹದಿಪಟ್ಟಣಂ ಒಳ್ಳೆಯ ನಿದರ್ಶನ. ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ದಖನಿ ಉರ್ದು ಮತ್ತು ತೆಲುಗು ಎಡೆಬಿಡದೆ ಕಿವಿಗೆ ಬೀಳುತ್ತವೆ. ಮಸೀದಿಯ ಬಾಂಗು, ಗುಡಿಯ ಗಂಟೆ, ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಸಂತ ಆನ್ನರ ಮಹಿಳಾ ಕಾಲೇಜು ಎಲ್ಲವೂ ಇಲ್ಲಿ ನೆರೆಹೊರೆ. 1956ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದ, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆದಕಾರಣ ಓದಿಗೂ ಉದ್ಯೋಗಕ್ಕೂ ಈ ನಗರವನ್ನು ಆಶ್ರಯಿಸಿದ ಕನ್ನಡಿಗರು ಹಿಂದಿನಿಂದಲೂ ಉಂಟು. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ, ಆರಾಧನೆಯಲ್ಲಿ ತೆಲುಗು ಅಥವಾ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿರುವ ಕುಟುಂಬಕ್ಕೆ ತಾಯ್ನುಡಿಯ ಪ್ರಾರ್ಥನೆ ದೊರೆಯುವುದು ಅನೇಕ ವೇಳೆ ಮೊಬೈಲಿನ ಪರದೆಯ ಮೇಲೆಯೇ. ಅದೇ ಪರದೆಯನ್ನು ಪಕ್ಕದ ಮನೆಯ ಮುಸ್ಲಿಮರೂ ಹಿಂದೂಗಳೂ ನೋಡುತ್ತಾರೆ. ಒಳಗಿನವರಿಗೆಂದು ಆಡಿದ ಮಾತು ಹೊರಗಿನವರ ಕಿವಿಗೂ ಬೀಳುತ್ತದೆ. ಅಂತರಜಾಲದ ಧರ್ಮನಿವೇದನೆಯ ಬಿಕ್ಕಟ್ಟು ಇರುವುದು ಇಲ್ಲಿಯೇ.

೧. ನಂಬು ಎಂಬ ಧಾತು

ಕನ್ನಡದಲ್ಲಿ ‘ನಂಬು’ ಎಂಬ ಒಂದೇ ಧಾತುವಿನಿಂದ ನಂಬಿಕೆ, ನಂಬುಗೆ, ನಂಬಿಗಸ್ತ ಎಂಬ ರೂಪಗಳು ಹುಟ್ಟಿವೆ. ದೇವರಲ್ಲಿ ಇಡುವುದೂ ನಂಬಿಕೆಯೇ, ನೆರೆಯವರ ಮಾತಿನಲ್ಲಿ ಇಡುವುದೂ ನಂಬಿಕೆಯೇ. ಪ್ರಾಟೆಸ್ಟೆಂಟ್ ಪರಂಪರೆಯ ಕನ್ನಡ ಬೈಬಲು ‘ನಂಬಿಕೆ’ ಎಂಬ ಪದಕ್ಕೆ ಒಲಿದರೆ, ಕಥೋಲಿಕ ಪರಂಪರೆ ‘ವಿಶ್ವಾಸ’ವೆಂಬ ಪದಕ್ಕೆ ಒಲಿಯಿತು. ಎರಡೂ ಪದಗಳು ದೈವ ಸಂಬಂಧವನ್ನೂ ಮಾನವ ಸಂಬಂಧವನ್ನೂ ಒಟ್ಟಿಗೆ ಸೂಚಿಸುತ್ತವೆ. ನೆಚ್ಚಲಾಗದ ಮನುಷ್ಯನ ಬಾಯಿಂದ ದೈವದ ನೆಚ್ಚಿಕೆಯ ಮಾತು ಹೊರಟಾಗ ಕೇಳುಗನ ಮನಸ್ಸು ಹಿಂಜರಿಯುವುದು ಸಹಜವೆಂಬುದನ್ನು ಭಾಷೆಯೇ ಸೂಚಿಸುವಂತಿದೆ. ಬೈಬಲಿನಲ್ಲಿಯೂ ಈ ವಿವೇಕ ಕಾಣುತ್ತದೆ. ತಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ವಿಶ್ವಾಸಿಗಳು ಸಿದ್ಧರಿರಬೇಕು, ಆದರೆ ಆ ಉತ್ತರ ಸಾತ್ವಿಕವೂ ಗೌರವಪೂರ್ಣವೂ ಆಗಿರಬೇಕು ಎಂಬುದು ಪೇತ್ರನ ಮೊದಲನೆಯ ಪತ್ರದ ಆಶಯ. ಕೇಳಿದವರಿಗೆ ಉತ್ತರ ಎಂಬ ಷರತ್ತು ಇಲ್ಲಿ ಗಮನಾರ್ಹ.

೨. ಮುದ್ರಣಕ್ಕೆ ಮುಂಚೆ ಮತ್ತು ಅನಂತರ

ಹದಿನೇಳನೆಯ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು, ವ್ಯಾಕರಣವನ್ನೂ ಧರ್ಮೋಪದೇಶದ ಬರೆಹಗಳನ್ನೂ ರಚಿಸಿದ್ದು ಈ ಇತಿಹಾಸದ ಮೊದಲ ಅಧ್ಯಾಯಗಳಲ್ಲಿ ಒಂದು. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿಯವರ ಮಾದರಿಯಲ್ಲಿ ಈ ಪಾದ್ರಿಗಳು ಸಂನ್ಯಾಸಿಗಳ ಉಡುಪನ್ನೂ ಆಹಾರನಿಯಮವನ್ನೂ ಅನುಸರಿಸಿದರು. ನಾಡಿನ ಜನ ಯಾರ ಮಾತನ್ನು ಗೌರವಿಸುತ್ತಾರೆಂಬುದನ್ನು ಅವರು ಗುರುತಿಸಿದ್ದರು. ಆದರೆ ವೇಷದಿಂದ ಪಡೆದ ಗೌರವ ಎಷ್ಟರ ಮಟ್ಟಿಗೆ ನ್ಯಾಯವಾದದ್ದೆಂಬ ಚರ್ಚೆ ಅವರ ಸಭೆಯೊಳಗೇ ನಡೆಯಿತು. ಕೇಳುಗನಿಗೆ ಹತ್ತಿರವಾಗುವುದಕ್ಕೂ ಕೇಳುಗನಿಂದ ತನ್ನ ಗುರುತನ್ನು ಮರೆಸುವುದಕ್ಕೂ ನಡುವಣ ಗೆರೆ ಎಲ್ಲಿದೆಯೆಂಬ ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಣ ಬಂದಿತು. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ವೇಳೆಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಮುದ್ರಿತವಾಯಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಆ ಕಾಲಕ್ಕೆ ಮುದ್ರಣ ಎಂಬುದು ಇಂದಿನ ಅಂತರಜಾಲದಂತೆಯೇ ಅಪರಿಚಿತ ಮಾಧ್ಯಮ. ಓಲೆಗರಿಯ ಪ್ರತಿಯನ್ನು ಬರೆದವನ ಕೈಬರೆಹವನ್ನೂ ಮನೆತನವನ್ನೂ ಓದುಗ ಬಲ್ಲವನಾಗಿರುತ್ತಿದ್ದ. ಅಚ್ಚಾದ ಹಾಳೆಗೆ ಅಂತಹ ಪರಿಚಿತ ಮುಖವಿರಲಿಲ್ಲ. ಇಂತಹ ಹಾಳೆಯನ್ನು ಕನ್ನಡಿಗರು ಏಕೆ ನಂಬಬೇಕು?

ಈ ಪ್ರಶ್ನೆಗೆ ಹೆರ್ಮನ್ ಮೋಗ್ಲಿಂಗ್ ಅವರು ಕೊಟ್ಟ ಉತ್ತರ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಹೊರಬಂದ ಈ ಪತ್ರಿಕೆ ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾಗಿದೆ. ಮಿಷನ್ನಿನವರು ಹೊರಡಿಸಿದ ಪತ್ರಿಕೆಯಾದರೂ ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿ, ಕಥೆ ಮುಂತಾದವುಗಳಿಗೆ ಅದರಲ್ಲಿ ಎಡೆಯಿದ್ದಿತು. ಓದುಗ ತಾನೇ ಪರೀಕ್ಷಿಸಬಹುದಾದ ಸಂಗತಿಗಳಲ್ಲಿ ಪತ್ರಿಕೆ ಸತ್ಯವನ್ನು ಹೇಳಿದರೆ, ಪರೀಕ್ಷಿಸಲಾಗದ ಸಂಗತಿಗಳಲ್ಲಿಯೂ ಅದರ ಮಾತಿಗೆ ಕಿವಿಗೊಡುವ ಮನಸ್ಸು ಓದುಗನಲ್ಲಿ ಹುಟ್ಟುತ್ತದೆ. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡಿತು. ಮೈಸೂರಿನ ವೆಸ್ಲಿಯನ್ ಮಿಷನ್ 1887ರಲ್ಲಿ ಆರಂಭಿಸಿದ ‘ವೃತ್ತಾಂತ ಪತ್ರಿಕೆ’ಯೂ ಇದೇ ಹಾದಿಯಲ್ಲಿ ನಡೆದು ಕ್ರೈಸ್ತೇತರ ಓದುಗರನ್ನು ಸಂಪಾದಿಸಿತು.

೩. ವಿದ್ವತ್ತಿನಿಂದ ಬಂದ ಗೌರವ

ಮೋಗ್ಲಿಂಗ್ ಅವರ ಇನ್ನೊಂದು ಕಾರ್ಯ ಇದಕ್ಕಿಂತ ಆಳವಾದದ್ದು. 1848ರಿಂದ ಅವರು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿಭಾರತ ಮೊದಲಾದ ಕನ್ನಡ ಕೃತಿಗಳನ್ನು ಪ್ರಕಟಿಸಿದರು. 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. ವೀರಶೈವ ಮತ್ತು ವೈಷ್ಣವ ಭಕ್ತಿಯ ಗ್ರಂಥಗಳು ಕ್ರೈಸ್ತ ಮಿಷನ್ನಿನ ಯಂತ್ರದಲ್ಲಿ ಅಚ್ಚಾದದ್ದು ಸಾಮಾನ್ಯ ಸಂಗತಿಯಲ್ಲ. ಅನ್ಯರ ಮತವನ್ನು ತಿಳಿಯದೆ ಅವರೊಡನೆ ಸಂವಾದ ಸಾಧ್ಯವಿಲ್ಲವೆಂಬ ಅರಿವು ಅದರ ಹಿಂದಿತ್ತು. ಧರ್ಮಪ್ರಸಾರದ ಉದ್ದೇಶವೂ ಇತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಉದ್ದೇಶ ಏನೇ ಇರಲಿ, ಪಾಠವನ್ನು ತಿರುಚದೆ ಅಚ್ಚುಹಾಕಬೇಕೆಂಬ ಶಿಸ್ತು ಆ ಕೆಲಸಕ್ಕೆ ಗೌರವವನ್ನು ತಂದಿತು.

1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರಲ್ಲಿ ಈ ಶಿಸ್ತು ಜೀವಮಾನದ ತಪಸ್ಸಾಯಿತು. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದೋಬಂಧಗಳಲ್ಲಿ ಹಾಡಲು ಯತ್ನಿಸಿದರು. ಜರ್ಮನ್ ಧಾಟಿಯ ಕೀರ್ತನೆಗಳು ಕನ್ನಡದ ಕಿವಿಗೆ ಹೊರಗಿನವಾಗಿಯೇ ಉಳಿಯುತ್ತವೆಂಬುದನ್ನು ಅವರು ಮನಗಂಡಿದ್ದರು. ಛಂದಸ್ಸನ್ನು ಬಳಸಬೇಕಾದರೆ ಅದನ್ನು ಶಾಸ್ತ್ರೀಯವಾಗಿ ಬಲ್ಲವರಾಗಬೇಕು. ಆ ಹಾದಿಯಲ್ಲಿ ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ನಾಡಿನ ಪಂಡಿತರ ನೆರವಿಲ್ಲದೆ ಈ ಕಾರ್ಯ ನೆರವೇರುತ್ತಿರಲಿಲ್ಲ.

ಇತಿಹಾಸದ ಇನ್ನೊಂದು ಮುಖವನ್ನೂ ಇಲ್ಲಿ ಕಾಣಿಸಬೇಕು. ಅದೇ ಮುದ್ರಣಾಲಯಗಳಿಂದ ಪರಮತ ಖಂಡನೆಯ ಕರಪತ್ರಗಳೂ ಹೊರಬಂದವು. ಅವುಗಳ ಬಿರುನುಡಿ ಅನೇಕರ ಮನಸ್ಸನ್ನು ನೋಯಿಸಿತು. ಮಿಷನ್ನುಗಳ ಮೇಲೆ ವಸಾಹತು ಆಡಳಿತದ ನೆರಳಿತ್ತು. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರ ಜೀವನೋಪಾಯಕ್ಕೆಂದು ಬಾಸೆಲ್ ಮಿಷನ್ ನೇಯ್ಗೆಯನ್ನೂ 1865ರಿಂದ ಹೆಂಚಿನ ಕಾರ್ಖಾನೆಯನ್ನೂ ನಡೆಸಿತು. ಆ ಉಪಕಾರವನ್ನು ಸೇವೆಯೆಂದು ಕಂಡವರಿದ್ದಂತೆ ಆಮಿಷವೆಂದು ಕಂಡವರೂ ಇದ್ದರು. ಸೇವೆಗೆ ಅಂಟಿದ ಈ ಸಂಶಯ ಇಂದಿನವರೆಗೂ ಬೆನ್ನು ಬಿಟ್ಟಿಲ್ಲ. ಆದರೆ ಕಾಲದ ಜರಡಿಯಲ್ಲಿ ಉಳಿದದ್ದು ಯಾವುದೆಂದು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಖಂಡನೆಯ ಕರಪತ್ರಗಳನ್ನು ಇಂದು ಸಂಶೋಧಕರಲ್ಲದೆ ಬೇರಾರೂ ತೆರೆಯುವುದಿಲ್ಲ; ಕಿಟೆಲ್ ನಿಘಂಟನ್ನಾದರೋ ಎಲ್ಲ ಮತಗಳ ಕನ್ನಡಿಗರೂ ತಮ್ಮದೆಂದು ಬಳಸುತ್ತಿದ್ದಾರೆ.

ಯೇಸುವಿನ ಕಥೆ ಕನ್ನಡದ ಸ್ವತ್ತಾದುದಕ್ಕೆ ಮತ್ತೊಂದು ಸಾಕ್ಷ್ಯ ಗಡಿನಾಡಿನ ಮಂಜೇಶ್ವರದಿಂದ ಬರುತ್ತದೆ. ಕ್ರೈಸ್ತರಲ್ಲದ ಎಂ. ಗೋವಿಂದ ಪೈ ಅವರು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಚಿತ್ರಿಸಿದರು. ಅದನ್ನು ಬರೆಯಲು ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. ಒತ್ತಾಯವಿಲ್ಲದೆ ಹುಟ್ಟಿದ ಆದರಕ್ಕೆ ಇರುವ ತೂಕ ಯಾವ ಪ್ರಚಾರಕ್ಕೂ ಇರುವುದಿಲ್ಲ.

೪. ಹೈದರಾಬಾದಿನ ಪಾಠ

ಮೆಹದಿಪಟ್ಟಣದಿಂದ ಆರಾಂಘರದ ಕಡೆಗೆ 2009ರಲ್ಲಿ ತೆರೆದ 11.6 ಕಿಲೋಮೀಟರ್ ಉದ್ದದ ಮೇಲ್ಸೇತುವೆ ಸಾಗುತ್ತದೆ. ಅದರ ಆಚೆಯ ತುದಿಗೆ ಸಮೀಪದ ಶಿವರಾಂಪಲ್ಲಿಯಲ್ಲಿ ಹೆನ್ರಿ ಮಾರ್ಟಿನ್ ಸಂಸ್ಥೆ ಇದೆ. ಸಂಸ್ಥೆಗೆ ಹೆಸರು ಕೊಟ್ಟ ಹೆನ್ರಿ ಮಾರ್ಟಿನ್ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ 1806ರಲ್ಲಿ ಬಂಗಾಳಕ್ಕೆ ಬಂದು, ಮಿರ್ಜಾ ಫಿತ್ರತ್ ಎಂಬ ವಿದ್ವಾಂಸರ ನೆರವಿನಿಂದ ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದು, 1812ರಲ್ಲಿ ತೋಕಾತ್ ಎಂಬಲ್ಲಿ ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡವರು.

ಇಸ್ಲಾಮಿನ ಅಧ್ಯಯನಕ್ಕಾಗಿ 1930ರಲ್ಲಿ ಲಾಹೋರಿನಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಹಲವು ಊರುಗಳನ್ನು ಸುತ್ತಿ 1971ರಲ್ಲಿ ಹೈದರಾಬಾದಿಗೆ ಬಂದಿತು. ಮುಸ್ಲಿಮರ ನಡುವೆ ಕ್ರೈಸ್ತ ಸಂದೇಶವನ್ನು ಸಾರುವವರನ್ನು ಸಿದ್ಧಗೊಳಿಸುವುದು ಅದರ ಆರಂಭದ ಗುರಿಗಳಲ್ಲಿ ಒಂದು. ಕಾಲಕ್ರಮದಲ್ಲಿ ಆ ಗುರಿ ಮಾರ್ಪಟ್ಟು, ಮತಗಳ ನಡುವಣ ತಿಳಿವಳಿಕೆ ಮತ್ತು ಸಂಧಾನ ಅದರ ಮುಖ್ಯ ಕಾರ್ಯವಾಯಿತು. 1990ರ ಕೋಮುಗಲಭೆಗಳಿಂದ ಹೈದರಾಬಾದಿನ ಹಳೆಯ ನಗರ ತತ್ತರಿಸಿದ ಬಳಿಕ ಸಂಸ್ಥೆ ಅಲ್ಲಿ ಹಿಂದೂ ಮುಸ್ಲಿಂ ಕುಟುಂಬಗಳ ನಡುವೆ ಸಾಮರಸ್ಯದ ಕೆಲಸವನ್ನು ಕೈಗೊಂಡಿತು. ಇದು ನಂಬಿಕೆಯನ್ನು ಬಿಟ್ಟುಕೊಡುವಿಕೆಯೆಂದು ಕೆಲವರು ಭಾವಿಸಬಹುದು. ಆದರೆ ಗಾಯಗೊಂಡ ನೆರೆಹೊರೆಯಲ್ಲಿ ಮಾತಿಗಿಂತ ಮುಂಚೆ ಕೇಳಿಸುವುದು ನಡತೆ. ಆಡುವವನ ಹಿತಾಸಕ್ತಿಯ ಬಗ್ಗೆ ಸಂಶಯ ನೀಗಿದ ಮೇಲೆಯೇ ಅವನ ಮಾತಿಗೆ ಎಡೆ ದೊರೆಯುತ್ತದೆ.

೫. ಪರದೆಯ ಮೇಲಣ ಹೊಸ ಸಮಸ್ಯೆಗಳು

ವ್ಯಾಟಿಕನ್ನಿನ ಜಾಲತಾಣ 1995ರ ಕೊನೆಯಲ್ಲಿ ಆರಂಭವಾಯಿತು. 2002ರಲ್ಲಿ ಅಲ್ಲಿನ ಸಾಮಾಜಿಕ ಸಂಪರ್ಕ ಮಂಡಲಿ ಧರ್ಮಸಭೆ ಮತ್ತು ಅಂತರಜಾಲವನ್ನು ಕುರಿತ ದಸ್ತಾವೇಜನ್ನು ಪ್ರಕಟಿಸಿ, ಈ ಮಾಧ್ಯಮ ವಿಶ್ವಾಸಿಗಳ ನಿಜವಾದ ಸಮುದಾಯಕ್ಕೆ ಬದಲಿಯಾಗಲಾರದು, ಸಂಸ್ಕಾರಗಳನ್ನು ಅದರ ಮೂಲಕ ನೀಡಲಾಗದು ಎಂದು ಸ್ಪಷ್ಟಪಡಿಸಿತು. 2020ರ ಮಹಾಮಾರಿಯ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಆರಾಧನೆ ಪರದೆಗೆ ಏರಿತು. ಅನಿವಾರ್ಯವಾಗಿ ಬಂದದ್ದು ಅಭ್ಯಾಸವಾಗಿ ಉಳಿಯಿತು. ಹೀಗೆ ಉಳಿದುದರ ಫಲವಾಗಿ ನಾಲ್ಕು ಸಮಸ್ಯೆಗಳು ತಲೆದೋರಿವೆ.

ಮೊದಲನೆಯದು ಮುಖವಿಲ್ಲದ ಮಾತು. ಊರಿನ ಪಾದ್ರಿಯ ನಡೆನುಡಿಗಳನ್ನು ಊರವರು ಬಲ್ಲರು; ತಪ್ಪಿದಾಗ ಕೇಳಬಲ್ಲರು. ಪರದೆಯಲ್ಲಿ ಉಪದೇಶಿಸುವವರು ಯಾವ ಸಭೆಗೆ ಸೇರಿದವರು, ಯಾರಿಗೆ ಉತ್ತರದಾಯಿಗಳು, ಕಾಣಿಕೆಯ ಹಣಕ್ಕೆ ಲೆಕ್ಕವೆಲ್ಲಿ ಎಂಬುದು ಅನೇಕ ವೇಳೆ ತಿಳಿಯುವುದಿಲ್ಲ.

ಎರಡನೆಯದು ಸಂದರ್ಭದಿಂದ ಕಿತ್ತ ಮಾತು. ಒಂದು ಗಂಟೆಯ ಉಪದೇಶದಿಂದ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ಹರಡುವುದು ಸುಲಭ. ಕನ್ನಡ ಬೈಬಲಿನ ‘ಅನ್ಯಜನರು’ ಎಂಬ ಪದ ಇಲ್ಲಿ ಒಳ್ಳೆಯ ನಿದರ್ಶನ. ಮೂಲದಲ್ಲಿ ಅದು ಯೆಹೂದ್ಯರಲ್ಲದ ಜನಾಂಗಗಳನ್ನು ಸೂಚಿಸುವ ಪದ. ಉಪದೇಶಕರು ಅದನ್ನು ವಿವರಿಸದೆ ಬಳಸಿದಾಗ, ಹಿಂದೂ ಅಥವಾ ಮುಸ್ಲಿಂ ಕೇಳುಗರಿಗೆ ಅದು ತಮ್ಮನ್ನೇ ಹೊರಗಿಟ್ಟ ಮಾತಾಗಿ ಕೇಳಿಸುತ್ತದೆ. ನಾಲ್ಕು ಗೋಡೆಗಳ ನಡುವೆ ಅಪಾಯವಿಲ್ಲದ ಪದ ಪರದೆಯ ಮೇಲೆ ಗಾಯ ಮಾಡಬಲ್ಲದು.

ಮೂರನೆಯದು ಪ್ರಮಾಣವಿಲ್ಲದ ಸಾಕ್ಷ್ಯ. ರೋಗ ವಾಸಿಯಾದ ಕಥೆಗಳು ವಾಟ್ಸಾಪ್ ಮುಂತಾದವುಗಳ ಮೂಲಕ ಹೆಸರು, ಊರು, ದಿನಾಂಕಗಳಿಲ್ಲದೆ ಕೈಯಿಂದ ಕೈಗೆ ದಾಟುತ್ತವೆ. ಇದು ಒಂದು ಮತಕ್ಕೆ ಸೀಮಿತವಾದ ದೋಷವಲ್ಲ. ಆದರೆ ಅಂತಹ ಕಥೆಯನ್ನು ನೆಚ್ಚಿ ಔಷಧವನ್ನು ಬಿಟ್ಟ ರೋಗಿಗೆ ಒದಗುವ ಕೇಡು ಬರಿಯ ಮಾತಿನ ಕೇಡಲ್ಲ. 2023ರ ಮಾರ್ಚಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಬಿಳಿಯ ದಪ್ಪ ಮೇಲಂಗಿಯನ್ನು ತೊಟ್ಟಂತೆ ಕಾಣುವ ಚಿತ್ರವೊಂದು ಜಗತ್ತಿನಾದ್ಯಂತ ಹರಡಿತು. ಅದು ಕೃತಕ ಬುದ್ಧಿಮತ್ತೆಯಿಂದ ರಚಿತವಾದದ್ದೆಂದು ಅನಂತರ ತಿಳಿಯಿತು. ಆ ಚಿತ್ರ ನಿರಪಾಯಕರವಾಗಿದ್ದಿತು. ಆದರೆ ಮುಖವನ್ನು ಹೀಗೆ ಸೃಷ್ಟಿಸಬಹುದಾದರೆ ಪವಾಡವನ್ನೂ ಸೃಷ್ಟಿಸಬಹುದು, ನಿಂದೆಯನ್ನೂ ಸೃಷ್ಟಿಸಬಹುದು. 2024ರ ಸಂಪರ್ಕ ಮಾಧ್ಯಮ ದಿನಕ್ಕೆ ಪೋಪ್ ಅವರು ಕೃತಕ ಬುದ್ಧಿಮತ್ತೆಯನ್ನೇ ವಿಷಯವಾಗಿ ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ನಾಲ್ಕನೆಯದು ಯಂತ್ರದ ಕನ್ನಡ. ಇಂಗ್ಲಿಷಿನ ‘ಗ್ರೇಸ್’ ಎಂಬ ಪದಕ್ಕೆ ದೈವದ ಕೃಪೆ ಎಂಬ ಅರ್ಥವೂ ನಡೆಯ ಸೊಬಗು ಎಂಬ ಅರ್ಥವೂ ಉಂಟು. ಪರಂಪರೆಯನ್ನು ಅರಿಯದ ಯಂತ್ರಾನುವಾದ ಒಂದರ ಎಡೆಯಲ್ಲಿ ಮತ್ತೊಂದನ್ನು ಇಡಬಲ್ಲದು. ‘ಸುವಾರ್ತೆ’ ಪ್ರಾಟೆಸ್ಟೆಂಟರ ಪದ, ‘ಶುಭಸಂದೇಶ’ ಕಥೋಲಿಕರ ಪದ. ಒಬ್ಬರಿಗೆ ‘ಯೆಹೋವ’ನಾದವನು ಇನ್ನೊಬ್ಬರ ಅನುವಾದದಲ್ಲಿ ‘ಸರ್ವೇಶ್ವರ’. ಇವುಗಳ ಹಿಂದೆ ತಲೆಮಾರುಗಳ ಪ್ರಾರ್ಥನೆಯಿದೆ. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕಲಸಿದ ಬರೆಹವನ್ನು ಓದಿದ ಕನ್ನಡ ಕ್ರೈಸ್ತರಿಗೆ, ಬರೆದವರು ತಮ್ಮವರಲ್ಲವೆಂದು ಮೊದಲ ಸಾಲಿನಲ್ಲಿಯೇ ಗೊತ್ತಾಗುತ್ತದೆ.

೬. ವಿಶ್ವಾಸಾರ್ಹತೆಯ ನಿಯಮಗಳು

ಮೇಲಿನ ಇತಿಹಾಸದಿಂದಲೇ ಈ ಸಮಸ್ಯೆಗಳಿಗೆ ಕೆಲವು ಸೂತ್ರಗಳನ್ನು ಪಡೆಯಬಹುದು. ಮುಖವಿಲ್ಲದ ಮಾತಿಗೆ ಪರಿಹಾರ ಹೆಸರು ಮತ್ತು ವಿಳಾಸ. ‘ಮಂಗಳೂರ ಸಮಾಚಾರ’ ಎಲ್ಲಿಂದ ಹೊರಡುತ್ತದೆಂಬುದು ಊರಿಗೆಲ್ಲ ತಿಳಿದಿತ್ತು. ಉಪದೇಶಕರು ತಮ್ಮ ಸಭೆಯನ್ನೂ ಹೊಣೆಗಾರರನ್ನೂ ತಿಳಿಸುವುದು, ತಪ್ಪಾದಾಗ ತಿದ್ದುಪಡಿಯನ್ನು ಮೂಲ ಮಾತು ಪ್ರಕಟವಾದ ಕಡೆಯಲ್ಲಿಯೇ ಕೊಡುವುದು ಮೊದಲ ನಿಯಮವಾಗಬೇಕು.

ಪ್ರಮಾಣವಿಲ್ಲದ ಸಾಕ್ಷ್ಯವನ್ನು ಕೈಬಿಡುವುದು ಎರಡನೆಯ ನಿಯಮ. ಪರೀಕ್ಷಿಸಬಹುದಾದ ಸಂಗತಿಯಲ್ಲಿ ಸುಳ್ಳಾಡಿದವನನ್ನು ಪರೀಕ್ಷೆಗೆ ಮೀರಿದ ಸಂಗತಿಯಲ್ಲಿ ಯಾರೂ ನಂಬುವುದಿಲ್ಲ. ಆದ್ದರಿಂದ ಸತ್ಯನಿಷ್ಠೆ ನೀತಿಯ ಪ್ರಶ್ನೆಯಾಗಿರುವಂತೆ ನಂಬಿಕೆಯ ಉಳಿವಿನ ಪ್ರಶ್ನೆಯೂ ಹೌದು.

ಮೂರನೆಯದು ಪರಮತವನ್ನು ಅದರ ಅನುಯಾಯಿಗಳು ಒಪ್ಪುವಂತೆ ನಿರೂಪಿಸುವುದು. ದಾಸರ ಪದಗಳನ್ನು ತಿರುಚದೆ ಅಚ್ಚುಹಾಕಿದ ಶಿಸ್ತೇ ಇದಕ್ಕೆ ಮಾದರಿ. ಸಂವಿಧಾನದ 25ನೆಯ ವಿಧಿ ಧರ್ಮದ ಪ್ರಸಾರಕ್ಕೆ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆ ಸ್ವಾತಂತ್ರ್ಯ ಎಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1977ರ ಸ್ಟೇನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಕುರಿತು ವಾದವಿವಾದಗಳಿವೆ. ಆದರೆ ವಿವರಿಸಿ ತಿಳಿಸುವುದೇ ನಿವೇದನೆಯ ನಿಜವಾದ ಬಲವೆಂಬುದನ್ನು ಎರಡು ಪಕ್ಷದವರೂ ಒಪ್ಪಬಹುದು.

ನಾಲ್ಕನೆಯದು ಕನ್ನಡದ ಅಧ್ಯಯನ. ಕನ್ನಡ ಲಿಪಿ 1991ರಲ್ಲಿಯೇ ಯೂನಿಕೋಡಿಗೆ ಸೇರಿದುದರಿಂದ ಬರೆಯುವ ಸಾಧನದ ಕೊರತೆ ಈಗಿಲ್ಲ. ಇರುವ ಕೊರತೆ ಓದಿನದು. ವಚನಗಳನ್ನೂ ಕೀರ್ತನೆಗಳನ್ನೂ ಷಟ್ಪದಿಯ ಲಯವನ್ನೂ ಅರಿಯದ ನಾಲಗೆ ಕನ್ನಡಿಗರೊಡನೆ ದೇವರನ್ನು ಕುರಿತು ಮಾತನಾಡಲು ತೊಡಗಿದರೆ ಅದು ಪರಕೀಯವಾಗಿಯೇ ಕೇಳಿಸುತ್ತದೆ. ಕಿಟೆಲ್ ಅವರು ಕಂಡುಕೊಂಡ ಈ ಸತ್ಯಕ್ಕೆ ಮಾಧ್ಯಮ ಬದಲಾದ ಮಾತ್ರಕ್ಕೆ ರಿಯಾಯಿತಿಯಿಲ್ಲ.

ಐದನೆಯದು ಪರದೆಯಿಂದ ಮನೆಗೆ ಮರಳುವ ದಾರಿ. ಪರದೆಯ ಮಾತಿಗೆ ಕೊನೆಯ ಪ್ರಮಾಣ ಪರದೆಯ ಹೊರಗಿದೆ. ಮೆಹದಿಪಟ್ಟಣದ ಕನ್ನಡ ಕುಟುಂಬ ಸಂಜೆ ಮೊಬೈಲಿನಲ್ಲಿ ಕೇಳಿದ ಉಪದೇಶವನ್ನು ಪಕ್ಕದ ಮನೆಯವರು ಅಳೆಯುವುದು ಆ ಕುಟುಂಬದ ಮರುದಿನದ ನಡತೆಯಿಂದ. ನೆರೆಮನೆಯ ಕಾಯಿಲೆಗೆ ಒದಗಿದರೇ, ಗಲಭೆಯ ದಿನ ಬಾಗಿಲು ತೆರೆದರೇ ಎಂಬ ಪ್ರಶ್ನೆಗಳಿಗೆ ಯಾವ ಜಾಲತಾಣವೂ ಉತ್ತರ ಕೊಡಲಾರದು.

ಒಟ್ಟಿನಲ್ಲಿ, ಕಲ್ಲಚ್ಚು ಬಂದಾಗ ಕನ್ನಡ ಕ್ರೈಸ್ತ ಬರೆಹದ ಮುಂದೆ ಎರಡು ಹಾದಿಗಳಿದ್ದವು. ಒಂದು ಖಂಡನೆಯ ಕರಪತ್ರದ ಹಾದಿ. ಮತ್ತೊಂದು ಸಮಾಚಾರ, ಸಂಪಾದನೆ, ನಿಘಂಟುಗಳ ಹಾದಿ. ಮೊದಲನೆಯದು ಬೇಗ ತಲುಪಿ ಬೇಗ ಮರೆಯಾಯಿತು. ಎರಡನೆಯದು ನಿಧಾನವಾಗಿ ನಡೆದು ನಾಡಿನ ಸ್ವತ್ತಾಯಿತು. ಅಂತರಜಾಲದ ಮುಂದೆಯೂ ಇಂದು ಅವೇ ಎರಡು ಹಾದಿಗಳಿವೆ. ನಂಬಿಕೆಯನ್ನು ಹೇಳಹೊರಟವರು ಮೊದಲು ನಂಬುಗೆಗೆ ಅರ್ಹರಾಗಬೇಕೆಂಬುದು ಕನ್ನಡದ ಆ ಒಂದು ಧಾತುವಿನೊಳಗೇ ಅಡಗಿರುವ ವಿವೇಕ.